ಐದು ದಿನಗಳ ಗಡುವು

2021ರ ನವೆಂಬರ್ 21ರಂದು ಬೆಂಗಳೂರಿನ ಒಬ್ಬ ವೈದ್ಯರಿಗೆ ಜ್ವರ ಬಂತು, ಮೈಕೈ ನೋವು ಶುರುವಾಯಿತು. ಎರಡೂ ಡೋಸ್ ಲಸಿಕೆ ಹಾಕಿಸಿಕೊಂಡಿದ್ದವರು. ವಿದೇಶಕ್ಕೆ ಹೋಗಿ ಬಂದವರೂ ಅಲ್ಲ. ಮರುದಿನ ಸ್ವಾಬ್ ಕೊಟ್ಟರು, ಪಾಸಿಟಿವ್ ಬಂತು. ಸಿ.ಟಿ. ಮೌಲ್ಯ ಕಡಿಮೆ ಇತ್ತು, ಅಂದರೆ ವೈರಸ್ಸು ಮೂಗು ಗಂಟಲಲ್ಲಿ ದಂಡಿಯಾಗಿತ್ತು. ಹಾಗಾಗಿ ಮಾದರಿಯನ್ನು ಜೀನೋಮ್ ಸೀಕ್ವೆನ್ಸಿಂಗಿಗೆ ಕಳಿಸಿದರು. ಆ ಸ್ವಾಬ್ ತೆಗೆದ ದಿನ ಅದರೊಳಗಿದ್ದ ತಳಿಗೆ ಹೆಸರೇ ಇಟ್ಟಿರಲಿಲ್ಲ. ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಹೊಸ ತಳಿಯ ಸುದ್ದಿ ಕೊಟ್ಟದ್ದು 24ಕ್ಕೆ, ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಓಮೈಕ್ರಾನ್ ಎಂದು ಕರೆದದ್ದು 26ಕ್ಕೆ. ಡಿಸೆಂಬರ್ 2ರಂದು ಕೇಂದ್ರ ಆರೋಗ್ಯ ಇಲಾಖೆ ಭಾರತದ ಮೊದಲ ಎರಡು ಓಮೈಕ್ರಾನ್ ಪ್ರಕರಣಗಳನ್ನು ಘೋಷಿಸಿತು. ಎರಡೂ ಕರ್ನಾಟಕದವು. ಒಂದು ಈ ವೈದ್ಯರದು. ಇನ್ನೊಂದು ದಕ್ಷಿಣ ಆಫ್ರಿಕಾದಿಂದ ಬಂದಿದ್ದ ಪ್ರಯಾಣಿಕನದು. ಆತ ಅಷ್ಟರಲ್ಲಿ ದುಬೈ ವಿಮಾನ ಹತ್ತಿ ಹೋಗಿ ಐದಾರು ದಿನವಾಗಿತ್ತು.

ಜ್ವರ ಬಂದ ದಿನದಿಂದ ತಳಿಯ ಹೆಸರು ಗೊತ್ತಾಗುವವರೆಗೆ ಹನ್ನೊಂದು ದಿನ. ಇದು ಬೆಂಗಳೂರಿನ ಲೆಕ್ಕ. ಸೀಕ್ವೆನ್ಸಿಂಗ್ ಯಂತ್ರಗಳೂ, ನಿಮ್ಹಾನ್ಸ್‌ನಂಥ ಸಂಸ್ಥೆಯೂ, ವೈರಾಣು ತಜ್ಞರೂ ಕೂಗಳತೆಯಲ್ಲಿರುವ ಊರಿನ ಲೆಕ್ಕ. ಕೋವಿಡ್ಡಿಗೆ ಬಾಯಿಂದ ನುಂಗುವ ವೈರಸ್ ನಿರೋಧಕ ಗುಳಿಗೆಗಳು ಇಂದು ಇವೆ. ಅವು ಕೆಲಸ ಮಾಡಬೇಕಾದರೆ ರೋಗಲಕ್ಷಣ ಕಾಣಿಸಿಕೊಂಡ ಐದು ದಿನದೊಳಗೆ ಶುರುವಾಗಬೇಕು. ಅಂದಮೇಲೆ ಯಾವ ತಳಿ ಎಂದು ನೋಡಿಕೊಂಡು ಗುಳಿಗೆ ಕೊಡುವ ಮಾತೇ ಬರುವುದಿಲ್ಲ. ವೈರಸ್ಸು ಯಾವ ವೇಷದಲ್ಲಿ ಬಂದರೂ ನಾಟುವಂಥ ಗುಳಿಗೆಯೇ ಬೇಕು.

ಈಗ ಹೇಮಗುಡ್ಡಕ್ಕೆ ಬನ್ನಿ. ಗಂಗಾವತಿಯಿಂದ ಕೊಪ್ಪಳದ ಕಡೆಗೆ ಹೊರಟರೆ ಸಿಗುವ ಊರು. ಮೇಲೆ ಬಂಡೆಗಲ್ಲಿನ ಗುಡ್ಡ, ಹಳೆಯ ಕೋಟೆ, ದುರ್ಗಾಪರಮೇಶ್ವರಿಯ ಗುಡಿ. ನವರಾತ್ರಿಯಲ್ಲಿ ಆನೆ ಮೇಲೆ ಅಂಬಾರಿ ಹೊರಡುವಾಗ ಸುತ್ತಲಿನ ಹಳ್ಳಿಗಳೆಲ್ಲ ಇಲ್ಲಿ ಸೇರುತ್ತವೆ. ಗಂಗಾವತಿ ತಾಲ್ಲೂಕು ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಭತ್ತದ ಕಣಜ ಅನ್ನಿಸಿಕೊಂಡಿದೆ. 2020ರ ಮೇ ಆರಂಭದಲ್ಲಿ ಕೇಂದ್ರ ಸರ್ಕಾರ ಸೋಂಕಿನ ಪ್ರಕಾರ ಜಿಲ್ಲೆಗಳಿಗೆ ಬಣ್ಣ ಹಚ್ಚಿ ಪಟ್ಟಿ ಮಾಡಿದಾಗ ಕೊಪ್ಪಳ ಹಸಿರು ವಲಯದಲ್ಲಿತ್ತು. ಒಂದು ವರ್ಷ ಕಳೆಯುವಷ್ಟರಲ್ಲಿ, ಡೆಲ್ಟಾ ತಳಿಯ ಎರಡನೇ ಅಲೆಯಲ್ಲಿ, ಕೊಪ್ಪಳದ ಗವಿಮಠವೇ ಕೋವಿಡ್ ಆಸ್ಪತ್ರೆಗೆ ಜಾಗ ಬಿಟ್ಟುಕೊಡಬೇಕಾಗಿ ಬಂತು.

ಹೇಮಗುಡ್ಡದಲ್ಲಿ ಅರವತ್ತೆಂಟರ ಅಜ್ಜ ಒಬ್ಬರಿದ್ದಾರೆ ಎಂದುಕೊಳ್ಳೋಣ. ನಿಜವಾದ ವ್ಯಕ್ತಿಯಲ್ಲ, ಲೆಕ್ಕ ಹಾಕಲು ಬೇಕಾದ ಮನುಷ್ಯ. ಬಿಪಿ ಇದೆ, ಶುಗರ್ ಇದೆ. ಸೋಮವಾರ ಸಂಜೆ ಗದ್ದೆಯಿಂದ ಬಂದಾಗ ಮೈ ಬೆಚ್ಚಗಿದೆ.

“ಮಾವಾರ, ಗಂಗಾವತಿಗೆ ಹೋಗಿ ತೋರಿಸ್ಕೊಂಡು ಬರೂಣು ನಡೀರಿ” ಎನ್ನುತ್ತಾಳೆ ಸೊಸೆ.

“ಏ, ಗಾಳಿಗೆ ಬಂದಾವು ತಗೀಯವಾ. ಮುಂಜಾನಿಗೆ ಬಿಡತಾವು.”

ಮಂಗಳವಾರ ಕಷಾಯ, ಮೆಡಿಕಲ್ ಶಾಪಿನ ಪ್ಯಾರಾಸಿಟಮಾಲ್. ಬುಧವಾರ ಊರ ಹತ್ತಿರದ ಡಾಕ್ಟರು ಒಂದು ಸೂಜಿ ಮಾಡಿ, ಸಲೈನ್ ಹಚ್ಚಿ ಕಳಿಸುತ್ತಾರೆ. ಅದರಿಂದ ಆ ರಾತ್ರಿ ನಿದ್ದೆಯೂ ಬರುತ್ತದೆ. ಗುರುವಾರ ಕೆಮ್ಮು ಜಾಸ್ತಿ. ಆದರೆ ಅವತ್ತು ನಾಟಿಗೆ ಆಳು ಹೇಳಿದೆ, ಮನೆಯಲ್ಲಿ ಬೈಕ್ ಓಡಿಸುವವರು ಯಾರೂ ಇಲ್ಲ. ಶುಕ್ರವಾರ ಗಂಗಾವತಿ. ಗಂಟಲ ದ್ರವ ತೆಗೆದು ಕಳಿಸುತ್ತಾರೆ, ವರದಿ ನಾಳೆ. ಶನಿವಾರ ಪಾಸಿಟಿವ್ ಅಂತ ಫೋನ್ ಬರುವಷ್ಟರಲ್ಲಿ ಐದು ದಿನ ಮುಗಿದಿದೆ. ಇಷ್ಟರಲ್ಲಿ ಯಾರೂ ತಪ್ಪು ಮಾಡಿಲ್ಲ. ಜ್ವರ ಬಂದರೆ ನಮ್ಮಲ್ಲಿ ಎಲ್ಲರೂ ನಡೆದುಕೊಳ್ಳುವುದೇ ಹೀಗೆ.

ಐದೇ ದಿನ ಏಕೆ? ಕೋವಿಡ್ ಎರಡು ಅಂಕದ ಕಾಯಿಲೆ. ಮೊದಲ ವಾರ ವೈರಸ್ಸಿನದು. ಅದು ಜೀವಕೋಶದೊಳಗೆ ಹೊಕ್ಕು ಒಂದಕ್ಕೆ ಸಾವಿರವಾಗುತ್ತದೆ. ಆಮೇಲಿನದು ಬಹುಮಟ್ಟಿಗೆ ನಮ್ಮ ದೇಹದ್ದೇ. ರೋಗನಿರೋಧಕ ವ್ಯವಸ್ಥೆ ಕೆರಳಿ, ಶ್ವಾಸಕೋಶ ಊದಿಕೊಂಡು, ಆಮ್ಲಜನಕ ಇಳಿಯುತ್ತದೆ. ವೈರಸ್ ನಿರೋಧಕ ಗುಳಿಗೆ ವೈರಸ್ಸು ಮರಿ ಹಾಕುವುದನ್ನು ತಡೆಯಬಲ್ಲದೇ ಹೊರತು ಆಗಲೇ ಕೆರಳಿದ ಉರಿಯೂತವನ್ನು ಆರಿಸಲಾರದು. ಎರಡನೇ ಅಂಕಕ್ಕೆ ಬೇರೆ ಔಷಧಿ ಬೇಕು. ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟಿರಾಯ್ಡ್ ಅಲ್ಲಿ ಜೀವ ಉಳಿಸುತ್ತದೆ ಎಂದು ಬ್ರಿಟನ್ನಿನ ರಿಕವರಿ ಪ್ರಯೋಗ 2020ರ ಜೂನಿನಲ್ಲೇ ತೋರಿಸಿತ್ತು. ಅದೇ ಸ್ಟಿರಾಯ್ಡನ್ನು ಮೊದಲ ದಿನವೇ ನುಂಗಿಸಿದರೆ ಕೇಡು. ಎರಡನೇ ಅಲೆಯಲ್ಲಿ ನಮ್ಮ ಊರುಗಳಲ್ಲಿ ಈ ಹಿಂದುಮುಂದು ಸಾಕಷ್ಟು ನಡೆಯಿತು.

ಮೊದಲ ಅಂಕದ ಗುಳಿಗೆ ಎಂದು ನಮಗೆ ಮೊದಲು ಸಿಕ್ಕದ್ದು ಫವಿಪಿರವಿರ್. 2020ರ ಜೂನಿನಲ್ಲಿ ಗ್ಲೆನ್‌ಮಾರ್ಕ್ ಕಂಪನಿ ಫ್ಯಾಬಿಫ್ಲೂ ಎಂಬ ಹೆಸರಲ್ಲಿ ಅದನ್ನು ಮಾರುಕಟ್ಟೆಗೆ ತಂದಾಗ 200 ಮಿಲಿಗ್ರಾಂನ ಒಂದು ಗುಳಿಗೆಗೆ 103 ರೂಪಾಯಿ. ಮೊದಲ ದಿನ ಬೆಳಿಗ್ಗೆ ಒಂಬತ್ತು, ರಾತ್ರಿ ಒಂಬತ್ತು ಗುಳಿಗೆ. ಶುಗರ್ ಗುಳಿಗೆಯನ್ನೇ ಮರೆಯುವ ಅಜ್ಜನಿಗೆ ದಿನಕ್ಕೆ ಹದಿನೆಂಟು! ಮುಂದೆ ನಡೆದ ದೊಡ್ಡ ಪ್ರಯೋಗಗಳಲ್ಲಿ ಅದರಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಐವರ್‌ಮೆಕ್ಟಿನ್ ಮತ್ತು ಹೈಡ್ರಾಕ್ಸಿಕ್ಲೋರೋಕ್ವಿನ್‌ಗಳ ಕಥೆಯೂ ಅದೇ. 2021ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿಯಿಂದ ಅವೆರಡನ್ನೂ ತೆಗೆದುಹಾಕಿದರು. ಅಷ್ಟರಲ್ಲಿ ಅವು ಎಷ್ಟೋ ಮನೆಗಳ ಗೂಡಿನಲ್ಲಿ ಅರಿಸಿನ ಕುಂಕುಮದ ಪಕ್ಕ ಸ್ಥಾನ ಪಡೆದಿದ್ದವು.

ಇವೆಲ್ಲ ಬೇರೆ ರೋಗಗಳಿಗೆಂದು ಹುಟ್ಟಿದ ಔಷಧಿಗಳು. ಕೊರೊನಾ ವೈರಸ್ಸಿನ ಒಳಗನ್ನು ನೋಡಿಯೇ ಕಟ್ಟಿದ ಗುಳಿಗೆಯ ಹೆಸರು ನಿರ್ಮಾಟ್ರೆಲ್ವಿರ್. ಫೈಜರ್ ಕಂಪನಿ ಅದನ್ನು ರಿಟೋನವಿರ್ ಎಂಬ ಇನ್ನೊಂದು ಗುಳಿಗೆಯ ಜೊತೆ ಸೇರಿಸಿ ಪ್ಯಾಕ್ಸ್‌ಲೋವಿಡ್ ಎಂದು ಮಾರುತ್ತದೆ. ಅದು ಕೆಲಸ ಮಾಡುವ ಬಗೆ ತಿಳಿಯಬೇಕಾದರೆ ವೈರಸ್ಸಿನ ಸಂಸಾರಕ್ಕೆ ಸ್ವಲ್ಪ ಇಣುಕಬೇಕು.

ವೈರಸ್ಸಿನ ಬಳಿ ಇರುವುದು ಸುಮಾರು 30 ಸಾವಿರ ಅಕ್ಷರಗಳ ಒಂದು ಆರ್‌ಎನ್‌ಎ ಎಳೆ. ಜೀವಕೋಶದೊಳಗೆ ಇಳಿದ ಕೂಡಲೇ ಅದು ನಮ್ಮದೇ ಪ್ರೋಟೀನ್ ತಯಾರಿಕಾ ಘಟಕಗಳನ್ನು ದುಡಿಮೆಗೆ ಹಚ್ಚುತ್ತದೆ. ಆದರೆ ಅಲ್ಲಿಂದ ಹೊರಬರುವುದು ಬಿಡಿಬಿಡಿ ಪ್ರೋಟೀನುಗಳಲ್ಲ, ಒಂದಕ್ಕೊಂದು ಅಂಟಿಕೊಂಡ ಒಂದೇ ಉದ್ದನೆಯ ಸರಣಿ. ಕುಷ್ಟಗಿ ಕಡೆಯ ನೇಕಾರರ ಮನೆಯಲ್ಲಿ ಮಗ್ಗದಿಂದ ಇಳಿದ ಬಟ್ಟೆಯನ್ನು ಸರಿಯಾದ ಜಾಗದಲ್ಲಿ ಕತ್ತರಿಸದೆ ಅದು ಉಡುವ ಸೀರೆಯಾಗುವುದಿಲ್ಲವಲ್ಲ, ಇದೂ ಹಾಗೆಯೇ. ಕತ್ತರಿಸುವ ಕೆಲಸಕ್ಕೆ ವೈರಸ್ಸು ತನ್ನದೇ ಕಿಣ್ವವೊಂದನ್ನು ಇಟ್ಟುಕೊಂಡಿದೆ. ಮುಖ್ಯ ಪ್ರೋಟಿಯೇಸ್ ಎಂದು ಅದರ ಹೆಸರು. ಅದು ಸರಣಿಯನ್ನು ಹನ್ನೊಂದು ಕಡೆ ಕತ್ತರಿಸುತ್ತದೆ, ಅದೂ ಗ್ಲುಟಮಿನ್ ಎಂಬ ಅಮೈನೋ ಆಮ್ಲ ಬಂದ ಜಾಗದಲ್ಲೇ. ನಿರ್ಮಾಟ್ರೆಲ್ವಿರ್ ಈ ಕಿಣ್ವದ ಬಾಯಿಗೆ ಹೋಗಿ ಕಚ್ಚಿಕೊಂಡು ಕೂರುತ್ತದೆ. ಕತ್ತರಿ ಆಡದಿದ್ದರೆ ಬಟ್ಟೆ ಸುರುಳಿ ಸುರುಳಿಯಾಗಿ ಬಿದ್ದಿರುತ್ತದೆ, ಹೊಸ ವೈರಸ್ಸು ಹುಟ್ಟುವುದಿಲ್ಲ. ಇಂಥದೇ ಜಾಗ ಹುಡುಕಿ ಕತ್ತರಿಸುವ ಕಿಣ್ವ ಮನುಷ್ಯನ ಮೈಯಲ್ಲಿ ಇಲ್ಲ. ಆದ್ದರಿಂದ ಗುಳಿಗೆಯ ಪೆಟ್ಟು ವೈರಸ್ಸಿಗೆ ಮಾತ್ರ ಬೀಳುತ್ತದೆ.

ಈ ಅಣುವಿನ ಬೀಜ 2003ರದು. ಮೊದಲ ಸಾರ್ಸ್ ಬಂದಾಗ ಫೈಜರ್‌ನ ರಸಾಯನ ವಿಜ್ಞಾನಿಗಳು ಇದರ ಪೂರ್ವಜನೊಂದನ್ನು ಕಟ್ಟಿದ್ದರು. ಸಾರ್ಸ್ ತಾನಾಗಿ ಅಡಗಿತು, ಕೆಲಸ ಕಪಾಟು ಸೇರಿತು. 2020ರಲ್ಲಿ ಅದೇ ಕಡತ ತೆರೆದು, ಸೂಜಿಯಲ್ಲಿ ಕೊಡಬೇಕಿದ್ದ ಅಣುವನ್ನು ನುಂಗುವಂತೆ ತಿದ್ದಿದರು. ರೋಗ ಹೋಯಿತೆಂದು ಸಂಶೋಧನೆ ಬಿಡಬಾರದು ಎಂದು ವಾದಿಸುವವರಿಗೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಸಿಗುವುದು ಕಷ್ಟ.

ತಳಿಗಳ ಮಾತು ಇಲ್ಲಿಗೇ ಬಂದು ಕೂಡುತ್ತದೆ. ಲಸಿಕೆ ಮುಖ್ಯವಾಗಿ ಗುರಿ ಇಡುವುದು ವೈರಸ್ಸಿನ ಮೈಮೇಲಿನ ಸ್ಪೈಕ್ ಪ್ರೋಟೀನಿಗೆ. ಜೀವಕೋಶಕ್ಕೆ ಅಂಟಿಕೊಳ್ಳುವುದು ಅದೇ, ನಮ್ಮ ಪ್ರತಿಕಾಯಗಳ ಕಣ್ಣಿಗೆ ಬೀಳುವುದೂ ಅದೇ. ಹೊರಗೆ ಕಾಣುವ ಅಂಗವಾದ್ದರಿಂದ ಅದನ್ನು ಬದಲಾಯಿಸಿಕೊಂಡಷ್ಟೂ ವೈರಸ್ಸಿಗೆ ಲಾಭ. ಓಮೈಕ್ರಾನಿನ ಸ್ಪೈಕ್‌ನಲ್ಲಿ ಮೂವತ್ತಕ್ಕೂ ಹೆಚ್ಚು ಬದಲಾವಣೆಗಳಿದ್ದವು. ಕತ್ತರಿ ಮಾತ್ರ ಒಳಗೆ ಅಡಗಿದೆ. ಪ್ರತಿಕಾಯ ಅಲ್ಲಿಗೆ ಹೋಗುವುದಿಲ್ಲ, ಬದಲಾಗುವ ಒತ್ತಡವೂ ಇಲ್ಲ. ಬದಲಾದರೆ ಹನ್ನೊಂದು ಜಾಗ ಗುರುತಿಸುವ ಶಕ್ತಿಯೇ ಕೆಡುವ ಭಯ ಬೇರೆ. ಓಮೈಕ್ರಾನಿನ ಪ್ರೋಟಿಯೇಸ್‌ನಲ್ಲಿ ಕಂಡದ್ದು ಒಂದೇ ಒಂದು ಮುಖ್ಯ ಬದಲಾವಣೆ, ಅದೂ ಗುಳಿಗೆ ಕಚ್ಚುವ ಜಾಗದಿಂದ ದೂರ. ಗುಳಿಗೆ ಮೊದಲಿನಂತೆಯೇ ಕೆಲಸ ಮಾಡಿತು. ನಿರೋಧಕತೆ ಎಂದೂ ಬಾರದು ಎಂದಲ್ಲ. ಪ್ರಯೋಗಾಲಯದ ತಟ್ಟೆಗಳಲ್ಲಿ ಮದ್ದಿಗೆ ಬಗ್ಗದ ವೈರಸ್ಸನ್ನು ಬೆಳೆಸಿ ನೋಡಿದ್ದಾರೆ.

ಪರಿಣಾಮದ ಅಂಕಿಗಳು ಮೊದಲಿಗೆ ಬೆರಗು ಹುಟ್ಟಿಸಿದವು. ಲಸಿಕೆ ಹಾಕಿಸಿಕೊಳ್ಳದ, ಅಪಾಯದ ಅಂಚಿನಲ್ಲಿರುವವರ ಪ್ರಯೋಗದಲ್ಲಿ, ಮೂರು ದಿನದೊಳಗೆ ಗುಳಿಗೆ ಶುರು ಮಾಡಿದ 697 ಮಂದಿಯಲ್ಲಿ ಆಸ್ಪತ್ರೆ ಸೇರಿದವರು ಅಥವಾ ಸತ್ತವರು 5. ಸುಳ್ಳುಗುಳಿಗೆ ನುಂಗಿದ 682 ಮಂದಿಯಲ್ಲಿ 44. ಸುಮಾರು ಶೇ 89ರಷ್ಟು ಕಡಿತ. ಆದರೆ ಮುಂದೆ ಲಸಿಕೆ ಹಾಕಿಸಿಕೊಂಡವರನ್ನೂ ಸೇರಿಸಿ ಮಾಡಿದ ಇನ್ನೊಂದು ಪ್ರಯೋಗದಲ್ಲಿ ಲಕ್ಷಣ ಮಾಯವಾಗಲು ಗುಳಿಗೆಯವರಿಗೆ 12 ದಿನ, ಉಳಿದವರಿಗೆ 13 ದಿನ. ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2021ರ ಜೂನ್, ಜುಲೈನಲ್ಲಿ ಮಾಡಿದ ಸಮೀಕ್ಷೆಯ ಹೊತ್ತಿಗೇ ದೇಶದ ಶೇ 67.6 ಜನರ ರಕ್ತದಲ್ಲಿ ಪ್ರತಿಕಾಯಗಳಿದ್ದವು. ಇಂಥ ದೇಶದಲ್ಲಿ ಸಿಕ್ಕ ಸಿಕ್ಕವರಿಗೆಲ್ಲ ಈ ಗುಳಿಗೆ ಕೊಟ್ಟು ಪ್ರಯೋಜನವಿಲ್ಲ ಎಂಬುದು ನನ್ನ ಅಭಿಪ್ರಾಯ. ಬೇಕಾಗಿರುವುದು ನಮ್ಮ ಹೇಮಗುಡ್ಡದ ಅಜ್ಜನಂಥವರಿಗೆ, ಕಿಮೋಥೆರಪಿಯಲ್ಲಿ ಇರುವವರಿಗೆ, ಅಂಗಾಂಗ ಕಸಿ ಮಾಡಿಸಿಕೊಂಡವರಿಗೆ.

ಅಜ್ಜನ ವಿಷಯದಲ್ಲೇ ಒಂದು ತೊಡಕಿದೆ. ಜೊತೆಗಾರ ರಿಟೋನವಿರ್ ಮೂಲತಃ ಎಚ್‌ಐವಿ ಔಷಧಿ. ಇಲ್ಲಿ ಅದು ವೈರಸ್ಸಿನ ಗೊಡವೆಗೆ ಹೋಗುವುದಿಲ್ಲ. ಔಷಧಿಗಳನ್ನು ಅರಗಿಸುವ ಯಕೃತ್ತಿನ ಕಿಣ್ವವೊಂದನ್ನು ಅದು ಕಟ್ಟಿಹಾಕುತ್ತದೆ, ನಿರ್ಮಾಟ್ರೆಲ್ವಿರ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯಲಿ ಎಂದು. ಆದರೆ ಅದೇ ಕಿಣ್ವ ಬೇರೆ ಎಷ್ಟೋ ಗುಳಿಗೆಗಳನ್ನೂ ಅರಗಿಸಬೇಕು. ಬಿಪಿಗೆ ಕೊಡುವ ಆಮ್ಲೋಡಿಪಿನ್ ಮಟ್ಟ ಏರಿ ತಲೆ ತಿರುಗಬಹುದು. ಕೊಲೆಸ್ಟರಾಲಿನ ಸಿಮ್ವಾಸ್ಟಾಟಿನ್ ನಿಲ್ಲಿಸಲೇಬೇಕು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ತದ್ವಿರುದ್ಧ. ಅದು ನಿರ್ಮಾಟ್ರೆಲ್ವಿರನ್ನೇ ಬೇಗ ಕರಗಿಸಿ ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಕಿಡ್ನಿ ಸೊರಗಿದ್ದರೆ ಪ್ರಮಾಣ ಅರ್ಧಕ್ಕಿಳಿಸಬೇಕು. ಜೊತೆಗೆ ಐದು ದಿನವೂ ಬಾಯಲ್ಲಿ ಕಬ್ಬಿಣ ನೆಕ್ಕಿದಂಥ ಕಹಿ. ಅಜ್ಜ ಎರಡನೇ ದಿನವೇ ಗುಳಿಗೆಯನ್ನು ಹಿತ್ತಲಿಗೆ ಎಸೆದರೆ ಅಚ್ಚರಿಯಿಲ್ಲ.

ಮೋಲ್ನುಪಿರವಿರ್ ಎಂಬ ಇನ್ನೊಂದು ಮದ್ದು ಭಾರತದಲ್ಲಿ ಬಿರುಗಾಳಿಯಂತೆ ಬಂದು ಹೋಯಿತು. ಅಮೆರಿಕದ ಎಮರಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿ ಮರ್ಕ್ ಕಂಪನಿಯ ಕೈಸೇರಿದ ಗುಳಿಗೆ. 2021ರ ಡಿಸೆಂಬರ್ 28ರಂದು ನಮ್ಮ ಔಷಧ ನಿಯಂತ್ರಕರು ತುರ್ತು ಬಳಕೆಗೆ ಒಪ್ಪಿಗೆ ಕೊಟ್ಟರು, ಹದಿಮೂರು ಭಾರತೀಯ ಕಂಪನಿಗಳು ತಯಾರಿಕೆಗೆ ಇಳಿದವು. ಡಾ. ರೆಡ್ಡೀಸ್ ಕಂಪನಿಯದು ಒಂದಕ್ಕೆ 35 ರೂಪಾಯಿ. ದಿನಕ್ಕೆ ಎಂಟರಂತೆ ಐದು ದಿನಕ್ಕೆ 40 ಗುಳಿಗೆ, 1,400 ರೂಪಾಯಿ. ಒಪ್ಪಿಗೆ ಸಿಕ್ಕ ಒಂದು ವಾರದಲ್ಲಿ, ಜನವರಿ 5ರಂದು, ಐಸಿಎಂಆರ್‌ನ ಆಗಿನ ಮುಖ್ಯಸ್ಥ ಬಲರಾಮ್ ಭಾರ್ಗವ ಇದರ ಸುರಕ್ಷತೆಯ ಬಗ್ಗೆ ದೊಡ್ಡ ಆತಂಕಗಳಿವೆ, ರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಸೇರಿಸಿಲ್ಲ ಎಂದುಬಿಟ್ಟರು. ಒಂದು ಕೈ ಒಪ್ಪಿದ್ದನ್ನು ಇನ್ನೊಂದು ಕೈ ತಳ್ಳಿದಾಗ ಮೆಡಿಕಲ್ ಶಾಪಿನವನು ಯಾರ ಮಾತು ಕೇಳಬೇಕು?

ಆತಂಕ ಇರುವುದು ಅದರ ಕೆಲಸದ ಬಗೆಯಲ್ಲೇ. ವೈರಸ್ಸು ತನ್ನ ಆರ್‌ಎನ್‌ಎ ನಕಲು ಮಾಡುವಾಗ ಈ ಗುಳಿಗೆ ಒಂದು ನಕಲಿ ಅಕ್ಷರವನ್ನು ನುಸುಳಿಸುತ್ತದೆ. ಆ ಅಕ್ಷರ ಒಮ್ಮೆ ಒಂದರ ಹಾಗೆ, ಇನ್ನೊಮ್ಮೆ ಮತ್ತೊಂದರ ಹಾಗೆ ಓದಿಸಿಕೊಳ್ಳುತ್ತದೆ. ನಕಲು ನಕಲಿಗೂ ತಪ್ಪು ಹೆಚ್ಚಿ ಕೊನೆಗೆ ವೈರಸ್ಸಿಗೆ ತನ್ನ ಗ್ರಂಥವೇ ಅರ್ಥವಾಗದೆ ಸಾಯುತ್ತದೆ. ಆದರೆ ಎಲ್ಲವೂ ಸಾಯದಿದ್ದರೆ? ತಪ್ಪುಗಳನ್ನು ಹೊತ್ತೂ ಬದುಕಿದ ಒಂದಷ್ಟು ವೈರಸ್ಸು ಇನ್ನೊಬ್ಬರಿಗೆ ದಾಟಿದರೆ? 2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಜಗತ್ತಿನ ಲಕ್ಷಗಟ್ಟಲೆ ಕೋವಿಡ್ ಜೀನೋಮ್‌ಗಳನ್ನು ಜಾಲಾಡಿ, ಈ ಗುಳಿಗೆಯ ಬೆರಳಚ್ಚು ಇರುವ ವೈರಸ್ ಕವಲುಗಳನ್ನು ಹುಡುಕಿ ತೋರಿಸಿತು. ಗುಳಿಗೆ ಹೆಚ್ಚು ಬಳಸಿದ ದೇಶಗಳಲ್ಲೇ ಅವೂ ಹೆಚ್ಚು. ಅವುಗಳಿಂದ ಅಪಾಯಕಾರಿ ತಳಿ ಹುಟ್ಟಿತು ಎಂದು ಆ ಅಧ್ಯಯನ ಹೇಳಲಿಲ್ಲ. ಇತ್ತ ಬ್ರಿಟನ್ನಿನಲ್ಲಿ 25 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಪನೋರಮಿಕ್ ಪ್ರಯೋಗದಲ್ಲಿ, ಬಹುಪಾಲು ಲಸಿಕೆ ಪಡೆದವರ ನಡುವೆ, ಗುಳಿಗೆ ನುಂಗಿದರೂ ಬಿಟ್ಟರೂ ಆಸ್ಪತ್ರೆ ಸೇರಿದವರು ಶೇ 1ರ ಆಸುಪಾಸು. ಚೇತರಿಕೆ ಮಾತ್ರ ನಾಲ್ಕು ದಿನ ಮುಂಚೆ. ಯುರೋಪಿನ ಔಷಧ ಸಂಸ್ಥೆ 2023ರಲ್ಲಿ ಈ ಗುಳಿಗೆಯ ಒಪ್ಪಿಗೆಗೆ ಶಿಫಾರಸು ಮಾಡಲು ನಿರಾಕರಿಸಿತು. ಭಾರ್ಗವರ ಅನುಮಾನ ಆಧಾರವಿಲ್ಲದ್ದಾಗಿರಲಿಲ್ಲ.

ಬೆಲೆಯ ಒಂದು ಮಾತು. ಪ್ಯಾಕ್ಸ್‌ಲೋವಿಡ್ಡಿಗೆ ಅಮೆರಿಕ ಸರ್ಕಾರ ಮೊದಲು ಕೊಟ್ಟದ್ದು ಒಂದು ಕೋರ್ಸಿಗೆ ಸುಮಾರು 530 ಡಾಲರ್. ಮೆಡಿಸಿನ್ಸ್ ಪೇಟೆಂಟ್ ಪೂಲ್ ಮೂಲಕ ಪರವಾನಗಿ ಸಿಕ್ಕಿ ಜನರಿಕ್ ಕಂಪನಿಗಳು ಮಾಡತೊಡಗಿದಾಗ ಬಡ ದೇಶಗಳಿಗೆ ಅದು 25 ಡಾಲರಿಗಿಂತ ಕೆಳಗಿಳಿಯಿತು. ಹೈದರಾಬಾದಿನ ಹೆಟೆರೋ ಕಂಪನಿಯ ಗುಳಿಗೆಗೆ 2022ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುದ್ರೆಯೂ ಬಿತ್ತು. ಅದೇ ತಿಂಗಳು ಚೀನಾ ನಿರ್ಬಂಧ ಸಡಿಲಿಸಿ ಅಲ್ಲಿ ಕೋವಿಡ್ ಸ್ಫೋಟಿಸಿದಾಗ ಅಲ್ಲಿನ ಜನ ಅಂತರಜಾಲದ ಕಳ್ಳದಾರಿಯಲ್ಲಿ ಹುಡುಕಿದ್ದು ಭಾರತದ ಜನರಿಕ್ ಗುಳಿಗೆಗಳನ್ನೇ.

ಲಸಿಕೆಯ ಕಡೆಗೆ ತಿರುಗಿದರೆ ಅಲ್ಲಿಯೂ ಕಾಲದ್ದೇ ಕಾಟ. ತಳಿ ಬದಲಾದಂತೆ ಲಸಿಕೆಯನ್ನು ತಿದ್ದಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸಮಿತಿ 2023ರ ಮೇನಲ್ಲಿ ಎಕ್ಸ್‌ಬಿಬಿ.1.5 ತಳಿಗೆ ಹೊಂದಿಸಿ ಎಂದಿತು. ವರ್ಷ ತುಂಬುವಷ್ಟರಲ್ಲಿ, 2024ರ ಏಪ್ರಿಲಿನಲ್ಲಿ, ಜೆಎನ್.1 ಎಂದಿತು. ಪುಣೆಯ ಜೆನ್ನೋವಾ ಕಂಪನಿ ಓಮೈಕ್ರಾನಿಗೆಂದೇ ಮಾಡಿದ ಎಂಆರ್‌ಎನ್‌ಎ ಲಸಿಕೆಗೆ ಭಾರತದಲ್ಲಿ ಒಪ್ಪಿಗೆ ಸಿಕ್ಕದ್ದು 2023ರ ಜೂನಿನಲ್ಲಿ, ಬೆಂಗಳೂರಿನ ಆ ವೈದ್ಯರು ಸ್ವಾಬ್ ಕೊಟ್ಟ ಒಂದೂವರೆ ವರ್ಷಕ್ಕೆ. ಆಗ ಲಸಿಕೆ ಸಾಲುಗಳೇ ಕರಗಿಹೋಗಿದ್ದವು. ಹಾಗೆಂದು ಹಳೆಯ ಲಸಿಕೆ ದಂಡವಾಗಲಿಲ್ಲ. ಸೋಂಕನ್ನು ತಡೆಯುವ ಪ್ರತಿಕಾಯಗಳು ತಳಿ ಬದಲಾದಾಗ ಸೋಲುತ್ತವೆ, ಸೋಂಕಿದ ಜೀವಕೋಶಗಳನ್ನು ಕೊಲ್ಲುವ ಟಿ ಕಣಗಳು ಅಷ್ಟು ಸುಲಭಕ್ಕೆ ಸೋಲುವುದಿಲ್ಲ. ಅವು ವೈರಸ್ಸಿನ ಹತ್ತಾರು ಚೂರುಗಳನ್ನು ನೆನಪಿಟ್ಟುಕೊಂಡಿರುತ್ತವೆ. ಓಮೈಕ್ರಾನ್ ಮನೆಮನೆಗೆ ಹೋದರೂ ಡೆಲ್ಟಾದಷ್ಟು ಹೆಣ ಬೀಳದಿರಲು ಇದೂ ಒಂದು ಕಾರಣ.

ಬಿಸಿಲಿನದು ಇನ್ನೊಂದು ತಾಪತ್ರಯ. ಏಪ್ರಿಲಿನಲ್ಲಿ ಈ ಸೀಮೆಯಲ್ಲಿ ಪಾದರಸ 40ರ ಹತ್ತಿರ ಆಡುತ್ತದೆ. ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡನ್ನೂ 2ರಿಂದ 8 ಡಿಗ್ರಿಯಲ್ಲಿ ಇಡಬೇಕಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ಫ್ರಿಜ್‌ನಿಂದ ತೆಗೆದು, ಐಸ್ ಪ್ಯಾಕ್ ಜೋಡಿಸಿದ ನೀಲಿ ಡಬ್ಬಿಯಲ್ಲಿ ಹೆಗಲಿಗೆ ಹಾಕಿಕೊಂಡು ಹಳ್ಳಿಗೆ ಒಯ್ಯಬೇಕಿತ್ತು. ಶುರುವಿನಲ್ಲಿ, ಒಮ್ಮೆ ತೆರೆದ ಬಾಟಲಿಯನ್ನು ನಾಲ್ಕು ಗಂಟೆಯೊಳಗೆ ಮುಗಿಸಬೇಕೆಂಬ ನಿಯಮವಿತ್ತು. ಹತ್ತು ಡೋಸಿನ ಬಾಟಲಿ, ಕಟ್ಟೆಯ ಮೇಲೆ ಕೂತವರು ಆರು ಮಂದಿ. ಇನ್ನು ನಾಲ್ಕು ಜನ ಬರುವವರೆಗೆ ಸಿಸ್ಟರ್ ಬಾಟಲಿ ತೆರೆಯುವಂತಿಲ್ಲ, ಆಶಾ ಕಾರ್ಯಕರ್ತೆ ಓಣಿ ಓಣಿ ಸುತ್ತಿ ಕರೆದು ತರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವನ್ ವರದರಾಜನ್ ತಂಡ ಮತ್ತು ಅಲ್ಲೇ ಹುಟ್ಟಿದ ಮಿನ್‌ವ್ಯಾಕ್ಸ್ ಕಂಪನಿ ಹಿಡಿದದ್ದು ಈ ಗಂಟನ್ನೇ. ಅವರು ಒಣಪುಡಿಯಾಗಿ ಮಾಡಿದ ಸ್ಪೈಕ್ ತುಣುಕಿನ ಲಸಿಕೆ 37 ಡಿಗ್ರಿಯಲ್ಲಿ ಒಂದು ತಿಂಗಳು, 100 ಡಿಗ್ರಿಯಲ್ಲಿ 90 ನಿಮಿಷ ಕೆಡದೆ ಉಳಿಯಿತು. ಲಸಿಕೆ ಪಡೆದ ಇಲಿಗಳ ರಕ್ತವನ್ನು 2021ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ಒ ಪರೀಕ್ಷಿಸಿ, ಡೆಲ್ಟಾ ಸೇರಿದಂತೆ ಆಗಿನ ತಳಿಗಳನ್ನು ಅದು ತಡೆಯುತ್ತದೆ ಎಂದಿತು. ಮೈನಸ್ 70 ಡಿಗ್ರಿ ಕೇಳುತ್ತಿದ್ದ ಫೈಜರ್ ಲಸಿಕೆಗಿಂತ ಗಂಗಾವತಿ ತಾಲ್ಲೂಕಿಗೆ ಬೇಕಾದ ವಿಜ್ಞಾನ ಇದು.

ಈಚಿನ ಸುದ್ದಿ ಜಪಾನಿನ ಶಿಯೋನೋಗಿ ಕಂಪನಿಯ ಎನ್‌ಸಿಟ್ರೆಲ್ವಿರ್‌ನದು. ಇದೂ ಅದೇ ಕತ್ತರಿಯನ್ನು ಹಿಡಿಯುವ ಗುಳಿಗೆ, ದಿನಕ್ಕೆ ಒಮ್ಮೆ ನುಂಗಿದರೆ ಸಾಕು, ರಿಟೋನವಿರ್ ಜೊತೆ ಬೇಡ. ಮನೆಯಲ್ಲಿ ಒಬ್ಬರಿಗೆ ಕೋವಿಡ್ ಬಂದಾಗ ಉಳಿದವರಿಗೆ 72 ಗಂಟೆಯೊಳಗೆ ಕೊಟ್ಟು ನೋಡಿದರು. ಸುಳ್ಳುಗುಳಿಗೆಯವರಲ್ಲಿ ಶೇ 9 ಮಂದಿಗೆ ಲಕ್ಷಣಸಹಿತ ಕೋವಿಡ್ ಬಂತು, ಗುಳಿಗೆಯವರಲ್ಲಿ ಶೇ 2.9. 2025ರಲ್ಲಿ ಹೊರಬಿದ್ದ ಫಲಿತಾಂಶ. ಮೂರು ತಲೆಮಾರು ಒಂದೇ ಸೂರಿನಡಿ ಇರುವ ಮನೆಗಳಿಗೆ ಇದು ಬೇರೆಯೇ ದಾರಿ. ಮೊಮ್ಮಗ ಶಾಲೆಯಿಂದ ಕೆಮ್ಮುತ್ತ ಬಂದ ದಿನವೇ ಅಜ್ಜನಿಗೆ ಗುಳಿಗೆ. ಆದರೆ ಇದನ್ನು ಬಸುರಿಯರಿಗೆ ಕೊಡುವಂತಿಲ್ಲ. ಮೋಲ್ನುಪಿರವಿರ್ ಕೂಡ ಅವರಿಗೆ ಬೇಡವೇ ಬೇಡ.

ಹಾಗಾಗಿ ಗುಳಿಗೆ ಮನೆಯೊಳಗೆ ಹೋಗುವ ಮುನ್ನ ಕೇಳಬೇಕಾದ್ದು ಹಲವಿದೆ. ಜ್ವರ ಬಂದು ಎಷ್ಟು ದಿನ, ಬಿಪಿ ಗುಳಿಗೆ ಯಾವುದು, ಟಿಬಿ ಔಷಧಿ ನಡೆಯುತ್ತಿದೆಯೇ, ಮನೆಯಲ್ಲಿ ಯಾರಾದರೂ ಬಸುರಿಯೇ? ಪುಣೆಯ ಮೈಲ್ಯಾಬ್ ಕಂಪನಿ 2021ರಲ್ಲಿ ತಂದ, ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳುವ ಕಿಟ್ 250 ರೂಪಾಯಿಗೆ ಹದಿನೈದು ನಿಮಿಷದಲ್ಲಿ ಉತ್ತರ ಹೇಳುತ್ತಿತ್ತು. ಅಂಥದು ಆಶಾ ಕಾರ್ಯಕರ್ತೆಯ ಚೀಲದಲ್ಲಿದ್ದರೆ ನಮ್ಮ ಅಜ್ಜನಿಗೆ ಮಂಗಳವಾರವೇ ಪಾಸಿಟಿವ್ ಗೊತ್ತಾಗುತ್ತಿತ್ತು. ಉಳಿದ ಪ್ರಶ್ನೆಗಳನ್ನು ಆಕೆ ಅಂಗಳಕ್ಕೆ ಬಂದು ಕೇಳುವುದೂ ಬೇಕಿಲ್ಲ. ಯಾರ ಮನೆಯಲ್ಲಿ ಯಾರಿಗೆ ಶುಗರ್, ಯಾರು ಟಿಬಿ ಗುಳಿಗೆ ಅರ್ಧಕ್ಕೆ ಬಿಟ್ಟರು, ಯಾರಿಗೆ ಹೋದ ವಾರ ತಾಯಿ ಕಾರ್ಡ್ ಮಾಡಿಸಿದೆ ಎಂಬುದೆಲ್ಲ ಆಕೆಯ ಡೈರಿಯಲ್ಲಿ ಆಗಲೇ ಬರೆದಿರುತ್ತದೆ. ಆಕೆ ಅದನ್ನು ತೆರೆದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಫೋನಿನಲ್ಲಿ ಓದಿ ಹೇಳಲು ಐದು ನಿಮಿಷ ಹಿಡಿಯಬಹುದು.